ಅಂಗಳದ ಹಕ್ಕಿಗಳನ್ನು ನೋಡಿದ ಇ.ಎಚ್.ಎ.

ಗೊರವಂಕ ಬಾರದ ಅಂಗಳ ನಮ್ಮ ಊರುಗಳಲ್ಲಿ ಇರಲಾರದು. ಹಟ್ಟಿಯಿಂದ ಹೊರಟ ದನದ ಹಿಂದೆ ಹೆಜ್ಜೆ ಹಾಕುತ್ತಾ, ಹುಲ್ಲಿನಿಂದ ಚಿಮ್ಮುವ ಮಿಡತೆಯನ್ನು ಕೊಕ್ಕಿನಲ್ಲಿ ಹಿಡಿಯುವ ಈ ಹಕ್ಕಿಯನ್ನು ಮೈನಾ ಎಂದೂ ಕರೆಯುತ್ತೇವೆ. ಇಂಗ್ಲೆಂಡಿನ ಸ್ಟಾರ್ಲಿಂಗ್ ಹಕ್ಕಿಯೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ದಿನವೂ ಕಣ್ಣಿಗೆ ಬೀಳುವುದರಿಂದಲೇ ಇದನ್ನು ನಿಂತು ನೋಡುವವರು ಕಡಿಮೆ. ಇಂತಹ ಸಾಮಾನ್ಯ ಜೀವಿಗಳನ್ನು ನಿಂತು ನೋಡುವುದರಲ್ಲೇ ಬಾಳಿನ ಬಿಡುವನ್ನೆಲ್ಲ ಕಳೆದ ಒಬ್ಬ ಸುಂಕದ ಅಧಿಕಾರಿಯಿದ್ದರು. ಇ.ಎಚ್.ಎ. ಎಂಬ ಮೂರಕ್ಷರಗಳಿಂದ ಹೆಸರಾದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್ ಅವರೇ ಆ ಮಹನೀಯರು.

ಏಟ್ಕೆನ್ ಹುಟ್ಟಿದ್ದು 1851ರಲ್ಲಿ, ಮಹಾರಾಷ್ಟ್ರದ ಸಾತಾರದಲ್ಲಿ. ತಂದೆ ಸ್ಕಾಟ್ಲೆಂಡಿನಿಂದ ಬಂದ ಪಾದ್ರಿಗಳು. ಮಗನಿಗೆ ವಿದ್ಯೆ ಹೇಳಿಕೊಟ್ಟವರೂ ಅವರೇ. ಬೊಂಬಾಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗಳಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಏಟ್ಕೆನ್ 1870ರಿಂದ 1876ರ ವರೆಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿದರು. ಆಮೇಲೆ ಬೊಂಬಾಯಿ ಸರಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು.

ಗುಜರಾತಿನಲ್ಲಿ ಕಚ್ಛದ ರಣದ ಅಂಚಿಗಿರುವ ಖಾರಾಘೋಡಾ ಉಪ್ಪಿನ ಆಗರಗಳ ಊರು. ಎತ್ತ ನೋಡಿದರೂ ಬಿಸಿಲು, ಧೂಳು. ಅಂತಹ ಕಡೆ ಏಟ್ಕೆನ್ ಅವರು ಇಲಿ, ಹಲ್ಲಿ, ಇರುವೆ, ಕಾಗೆ, ಕಪ್ಪೆಗಳ ನಡುವೆ ಬೇಸರವಿಲ್ಲದೆ ಕಾಲ ಕಳೆದರು. ಆ ಅನುಭವದ ಪುಸ್ತಕ 1883ರಲ್ಲಿ ‘ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್’ ಎಂಬ ಹೆಸರಿನಿಂದ ಹೊರಬಂತು. ವಾಯವ್ಯ ಗಡಿಯ ಬುಡಕಟ್ಟುಗಳ ಮೇಲೆ ಬ್ರಿಟಿಷರು ದಂಡೆತ್ತಿ ಹೋಗುತ್ತಿದ್ದ ಕಾಲವದು. ತಮ್ಮ ಗಡಿಯೆಂದರೆ ಮನೆಯ ಬೇಲಿ, ಅಲ್ಲಿನ ಬುಡಕಟ್ಟುಗಳೆಂದರೆ ಹುಳು ಹಕ್ಕಿಗಳು ಎಂದು ಅವರು ವಿನೋದಕ್ಕೆ ಆ ಹೆಸರಿಟ್ಟರು.

ಆಗಿನ ಪಕ್ಷಿಶಾಸ್ತ್ರವೆಂದರೆ ಬಹುಮಟ್ಟಿಗೆ ಕೋವಿಯ ಶಾಸ್ತ್ರ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಅಳತೆ ಬರೆದು ಪೆಟ್ಟಿಗೆಯಲ್ಲಿ ಇಟ್ಟರೆ ಕೆಲಸ ಮುಗಿಯಿತು. ಏಟ್ಕೆನ್ ಅವರ ಬರಹಕ್ಕೆ ಬೇಕಾಗಿದ್ದುದು ಬದುಕಿರುವ ಹಕ್ಕಿಯ ನಡೆನುಡಿ. ಅದು ಏನನ್ನು ತಿನ್ನುತ್ತದೆ, ಯಾರೊಡನೆ ಜಗಳವಾಡುತ್ತದೆ, ಮರಿಯನ್ನು ಹೇಗೆ ಸಾಕುತ್ತದೆ ಎಂಬುದೇ ಅವರಿಗೆ ಮುಖ್ಯ. 1883ರಲ್ಲಿಯೇ ಬೊಂಬಾಯಿಯಲ್ಲಿ ಎಂಟು ಮಂದಿ ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ, ಡಾ. ಸಖಾರಾಮ ಅರ್ಜುನ ಎಂಬ ಭಾರತೀಯರ ಜತೆ ಏಟ್ಕೆನ್ ಅವರೂ ಇದ್ದರು. 1886ರಲ್ಲಿ ಹೊರಟ ಸೊಸೈಟಿಯ ಪತ್ರಿಕೆಗೆ ಮೊದಲ ಸಂಪಾದಕರಿಬ್ಬರಲ್ಲಿ ಇವರೊಬ್ಬರು.

ನಮಗೆ ಹತ್ತಿರದ ಸಂಗತಿ ಮುಂದಿದೆ. ಕಾಸರಗೋಡು ಸೀಮೆಯೂ ಕಾರವಾರವೂ ಒಂದು ಕಾಲಕ್ಕೆ ಒಂದೇ ಕೆನರಾ ಜಿಲ್ಲೆಯಲ್ಲಿದ್ದವು. 1862ರಲ್ಲಿ ಉತ್ತರ ಭಾಗ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಏಟ್ಕೆನ್ ಅಲ್ಲಿಗೆ, ಗೋವಾ ಗಡಿಯ ಸುಂಕದ ಕೆಲಸಕ್ಕೆ ಬಂದರು. ನಮ್ಮದೇ ಬಗೆಯ ಮಳೆ, ನಮ್ಮದೇ ಬಗೆಯ ಕಾಡು. ಸಾಮಾನ್ಯ ಗೊರವಂಕಕ್ಕೆ ಕಣ್ಣಿನ ಸುತ್ತ ಹಳದಿ ಪಟ್ಟಿ. ಕಾಡು ಗೊರವಂಕಕ್ಕೆ ಆ ಪಟ್ಟಿಯಿಲ್ಲ, ಕೊಕ್ಕಿನ ಬುಡದಲ್ಲಿ ಪುಟ್ಟ ಜುಟ್ಟು. ಹಾಲವಾಣ ಹೂ ಬಿಟ್ಟಾಗ ಜೇನಿಗೆ ಮುತ್ತುವ ಬಿಳಿತಲೆಯ ಹಕ್ಕಿಯೂ ಅದೇ ಕುಟುಂಬದ್ದು. ಈ ಪಶ್ಚಿಮ ಕರಾವಳಿಯಲ್ಲಿ ಇವುಗಳಿಗೆ ಇಂದಿಗೂ ಬರವಿಲ್ಲ. ಕಾರವಾರದ ಕಾಡುಗಳ ತಿರುಗಾಟದಿಂದ ಏಟ್ಕೆನ್ ಅವರ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಎಂಬ ಪುಸ್ತಕ ಹುಟ್ಟಿತು. ಕಲೆಕ್ಟರ್ ಡೇವಿಡ್ಸನ್, ಅರಣ್ಯಾಧಿಕಾರಿ ಬೆಲ್ ಅವರೊಡನೆ ಸೇರಿ ಕಂಬಳಿಹುಳುಗಳನ್ನು ಸಾಕಿ, ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಅವರು ಬರೆದ ಲೇಖನಮಾಲೆಯನ್ನು ವಿದ್ವಾಂಸರು ಈಗಲೂ ಆಧಾರವಾಗಿ ಹಿಡಿಯುತ್ತಾರೆ.

ಇಂತಹ ನೋಟದಿಂದ ಪ್ರಯೋಜನವೇನು ಎಂದು ಕೇಳುವವರಿಗೆ 1902ರ ವೃತ್ತಾಂತವೇ ಉತ್ತರ. ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾ ಹಾವಳಿಯಿತ್ತು. ಸೊಳ್ಳೆಯೇ ಅದನ್ನು ಹರಡುತ್ತದೆಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ತೋರಿಸಿ ಆಗ ಐದೇ ವರ್ಷ. ರೋಗದ ಪ್ರಮಾಣವನ್ನು ತನಿಖೆ ಮಾಡಿ ಸೊಳ್ಳೆ ನಿವಾರಣೆಯ ದಾರಿ ಹುಡುಕಲು ಇಲಾಖೆ ಕಳುಹಿಸಿದ್ದು ಏಟ್ಕೆನ್ ಅವರನ್ನು. ಅನಾಫಿಲಿಸ್ ಸೊಳ್ಳೆಯ ಮರಿಹುಳು ನೀರಿನ ಮೇಲ್ಮೈಗೆ ಸಮನಾಗಿ ಮಲಗುತ್ತದೆ, ಬೇರೆ ಸೊಳ್ಳೆಗಳದು ಓರೆಯಾಗಿ ನೇತಾಡುತ್ತದೆ. ಈ ವ್ಯತ್ಯಾಸವನ್ನು ಗುರುತಿಸಲು ತೊರೆಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುವ ತಾಳ್ಮೆ ಬೇಕು. ಆ ತಾಳ್ಮೆ ಅವರಿಗೆ ಅಂಗಳದಲ್ಲೇ ರೂಢಿಯಾಗಿತ್ತು. ಅಲ್ಲಿ ಅವರಿಗೆ ಸಿಕ್ಕಿದ ಹೊಸ ಜಾತಿಯೊಂದಕ್ಕೆ ಅವರ ಹೆಸರನ್ನೇ ಇಡಲಾಯಿತು.

ಏಟ್ಕೆನ್ ಅವರಲ್ಲಿ ಕೊರತೆಗಳೂ ಇದ್ದವು. ಅವರ ಇಲಾಖೆ ವಸೂಲು ಮಾಡುತ್ತಿದ್ದ ಉಪ್ಪಿನ ತೆರಿಗೆ ಬಡವನ ಗಂಜಿಯ ಮೇಲಿನ ತೆರಿಗೆ. 1889ರಲ್ಲಿ ಪ್ರಕಟವಾದ ‘ಬಿಹೈಂಡ್ ದಿ ಬಂಗಲೋ’ ಎಂಬ ಪುಸ್ತಕದಲ್ಲಿ ಬಟ್ಲರ್, ಆಯಾ, ದೋಬಿ ಮೊದಲಾದ ಭಾರತೀಯ ಸೇವಕರನ್ನು ಅವರು ನಗೆಯ ವಸ್ತುವಾಗಿಸಿದ್ದಾರೆ. ಆ ನಗೆಯಲ್ಲಿ ಅಕ್ಕರೆಯೂ ಇದೆ, ದೊರೆತನವೂ ಇದೆ. ಹಕ್ಕಿಗೆ ತೋರಿದ ಗೌರವವನ್ನು ತನಗೆ ಅನ್ನ ಬೇಯಿಸಿದವನಿಗೂ ಪೂರ್ತಿಯಾಗಿ ತೋರಲು ಅವರಿಂದಾಗಲಿಲ್ಲ. ಅವರ ಗುಣವನ್ನು ಮೆಚ್ಚುವಾಗ ಇದನ್ನೂ ನಾವು ನೆನಪಿಟ್ಟಿರಬೇಕು.

ಕಾಗೆ, ಗುಬ್ಬಿ, ಮೈನಾಗಳಂತಹ ಹಕ್ಕಿಗಳ ಬಗ್ಗೆ ಜನಸಾಮಾನ್ಯರಿಗಾಗಿ ಬರೆದ ‘ದಿ ಕಾಮನ್ ಬರ್ಡ್ಸ್ ಆಫ್ ಬಾಂಬೆ’ 1900ರಲ್ಲಿ ಬಂತು. 1903ರಲ್ಲಿ ಅವರು ಕರಾಚಿಗೆ ಸುಂಕದ ಮುಖ್ಯಾಧಿಕಾರಿಯಾಗಿ ಹೋದರು. ಬಳಿಕ ಸಿಂಧ್ ಪ್ರಾಂತದ ಗೆಜೆಟಿಯರ್ ಕೆಲಸವನ್ನು ನೋಡಿಕೊಂಡು 1906ರಲ್ಲಿ ನಿವೃತ್ತರಾದರು. 1909ರ ಎಪ್ರಿಲ್ 11ರಂದು ಎಡಿನ್‌ಬರೋದಲ್ಲಿ ತೀರಿಕೊಂಡರು. ಹುಟ್ಟಿದ್ದೂ ದುಡಿದದ್ದೂ ಭಾರತದಲ್ಲಿ. ಮಣ್ಣಾದದ್ದು ಮಾತ್ರ ಹಿರಿಯರ ನಾಡಿನಲ್ಲಿ.

ಅವರ ದಾರಿಯಲ್ಲಿ ನಡೆಯಲು ಕೋವಿಯೂ ಬೇಡ, ಹಣವೂ ಬೇಡ. ಒಂದು ನೋಟುಬುಕ್ಕು, ಒಂದು ಪೆನ್ಸಿಲು ಸಾಕು. ತೆಂಗಿನ ಪೊಟರೆಯಲ್ಲೋ ಮಾಡಿನ ಸಂದಿಯಲ್ಲೋ ಗೊರವಂಕ ಗೂಡು ಕಟ್ಟಿದಾಗ ಅದನ್ನು ಮುಟ್ಟದೆ, ದೂರ ಕುಳಿತು, ಒಂದು ಗಂಟೆಯಲ್ಲಿ ತಾಯಿತಂದೆ ಹಕ್ಕಿಗಳು ಎಷ್ಟು ಸಲ ಆಹಾರ ತಂದವು, ಏನನ್ನು ತಂದವು ಎಂದು ಮಕ್ಕಳು ತಾರೀಕು ಸಹಿತ ಬರೆದಿಡಲಿ. ಹೀಗೆ ಒಂದು ವಾರ ನೋಡಿದ ಮಗುವಿಗೆ ಹಕ್ಕಿಯ ಪಾಠವನ್ನು ಬೇರೆ ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.