ಮುಳುಗಿ ಸತ್ತ ಮನುಷ್ಯನ ಈ ಹಳೇ ಫೋಟೊ ನಿಜವೇ?

ಒರಗಿ ಕೂತು ಕಣ್ಣು ಮುಚ್ಚಿರುವ, ಬರಿಮೈಯ ಒಬ್ಬ ಮನುಷ್ಯ. ಸೊಂಟದ ಕೆಳಗೆ ಬಟ್ಟೆ ಹೊದಿಸಿದೆ. ಪಕ್ಕದಲ್ಲಿ ಹುಲ್ಲಿನ ದೊಡ್ಡ ಟೋಪಿ. ಮುಖ ಮತ್ತು ಕೈಗಳು ಮಾತ್ರ ಕಪ್ಪಾಗಿವೆ. 1840ರ ಈ ಫೋಟೊವನ್ನು ನಿಜವಾದ ಹೆಣದ್ದು ಅಂತ ಯಾರಾದರೂ ನಿಮಗೆ ಕಳಿಸಿದರೆ, ಮುಂದೆ ಕಳಿಸುವ ಮೊದಲು ಸ್ವಲ್ಪ ತಡೆಯಿರಿ. ಆತ ಸತ್ತಿದ್ದು 1887ರಲ್ಲಿ. ಫೋಟೊ ತೆಗೆದದ್ದೂ ಆತನೇ!

ಹೆಸರು ಇಪೊಲಿತ್ ಬಯಾರ್. 1801ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿದ ಈತ ಪ್ಯಾರಿಸ್‌ನ ಹಣಕಾಸು ಇಲಾಖೆಯಲ್ಲಿ ನೌಕರ. 1839ರ ಜನವರಿಯಲ್ಲಿ ವಿಜ್ಞಾನಿ ಫ್ರಾಂಸ್ವಾ ಅರಗೋ, ಡಗೇರ್ ಎಂಬಾತ ಲೋಹದ ತಟ್ಟೆಯ ಮೇಲೆ ಬೆಳಕಿನ ಚಿತ್ರ ಮೂಡಿಸಿದ್ದಾನೆಂದು ಘೋಷಿಸಿದರು. ವಿಧಾನ ಮಾತ್ರ ಗುಟ್ಟಾಗಿತ್ತು. ಕೆಲವೇ ತಿಂಗಳಲ್ಲಿ ಬಯಾರ್ ಕಾಗದದ ಮೇಲೆ ತನ್ನದೇ ದಾರಿ ಕಂಡುಕೊಂಡ. ಸಿಲ್ವರ್ ಕ್ಲೋರೈಡ್ ಲೇಪಿಸಿದ ಕಾಗದವನ್ನು ಬೆಳಕಿನಲ್ಲಿಟ್ಟು ಕಪ್ಪಾಗಿಸಿ, ಪೊಟ್ಯಾಸಿಯಂ ಅಯೊಡೈಡ್‌ನಲ್ಲಿ ಅದ್ದಿ ಕ್ಯಾಮೆರಾದೊಳಗೆ ಇಡುತ್ತಿದ್ದ. ಬೆಳಕು ಬಿದ್ದ ಕಡೆ ಕಪ್ಪು ತಿಳಿಯಾಗಿ ಚಿತ್ರ ಮೂಡುತ್ತಿತ್ತು. ನೆಗೆಟಿವ್ ಇಲ್ಲ, ಹಾಗಾಗಿ ಎರಡನೇ ಪ್ರತಿಯೂ ಇಲ್ಲ.

ಒಂದು ಚಿತ್ರಕ್ಕೆ ಸುಮಾರು 12 ನಿಮಿಷ ಬೇಕಿತ್ತು, ಅದೂ ಒಳ್ಳೆಯ ಬಿಸಿಲಿನಲ್ಲಿ. ಅದಕ್ಕೇ ಬಯಾರ್‌ಗೆ ತೋಟವೇ ಸ್ಟುಡಿಯೊ. ಹೂಕುಂಡ, ನೀರಿನ ಕ್ಯಾನುಗಳ ನಡುವೆ ಕೂತು ತನ್ನದೇ ಹಲವು ಫೋಟೊ ತೆಗೆದುಕೊಂಡಿದ್ದಾನೆ. ಟೈಮರ್ ಇಲ್ಲದೆ ಇದು ಹೇಗೆ ಸಾಧ್ಯ ಅಂತ ನಮಗೂ ಅನ್ನಿಸಿತ್ತು. ಲೆಕ್ಕ ಸುಲಭ. ಲೆನ್ಸಿನ ಮುಚ್ಚಳ ತೆಗೆದು ನಡೆದು ಹೋಗಿ ಕೂತರೂ, ಆ ನಾಲ್ಕು ಸೆಕೆಂಡು 12 ನಿಮಿಷದ ಮುಂದೆ ಯಾವ ಗುರುತೂ ಉಳಿಸುವುದಿಲ್ಲ. ಕಷ್ಟವಿದ್ದದ್ದು ಅಲುಗಾಡದೆ ಕೂರುವುದರಲ್ಲಿ. ಅಷ್ಟು ಹೊತ್ತು ರೆಪ್ಪೆ ಬಡಿಯದೆ ಯಾರಿರುತ್ತಾರೆ? ಕಣ್ಣು ಮುಚ್ಚಿಕೊಳ್ಳುವುದೇ ವಾಸಿ. ಹೆಣದ ವೇಷಕ್ಕೆ ಅದು ಇನ್ನೂ ಅನುಕೂಲ.

ಆದರೆ ಹೆಣದ ವೇಷ ಯಾಕೆ? ಬಯಾರ್ 1839ರ ಮೇ ತಿಂಗಳಲ್ಲೇ ತನ್ನ ಚಿತ್ರಗಳನ್ನು ಅರಗೋಗೆ ತೋರಿಸಿದ್ದ. ಡಗೇರ್‌ನ ಪರ ನಿಂತಿದ್ದ ಅರಗೋ, ವಿಷಯವನ್ನು ಸದ್ಯಕ್ಕೆ ಬಹಿರಂಗ ಮಾಡಬೇಡವೆಂದು ಒಪ್ಪಿಸಿದರು. ಜೂನ್ 24ರಂದು ಮಾರ್ಟಿನೀಕ್ ಭೂಕಂಪ ಸಂತ್ರಸ್ತರ ನೆರವಿಗಾಗಿ ನಡೆದ ಪ್ರದರ್ಶನದಲ್ಲಿ ಬಯಾರ್ 30 ಚಿತ್ರಗಳನ್ನಿಟ್ಟ. ಆಗಸ್ಟ್‌ನಲ್ಲಿ ಡಗೇರ್‌ನ ವಿಧಾನ ಬಹಿರಂಗವಾಯಿತು, ವರ್ಷಕ್ಕೆ 6,000 ಫ್ರಾಂಕ್ ಪಿಂಚಣಿಯೂ ಬಂತು. ಬಯಾರ್‌ಗೆ ಸಿಕ್ಕಿದ್ದು ಉಪಕರಣಕ್ಕೆಂದು 600 ಫ್ರಾಂಕ್ ಮಾತ್ರ. ಇದು ಅನ್ಯಾಯವಲ್ಲದೆ ಇನ್ನೇನು!

1840ರ ಅಕ್ಟೋಬರ್‌ನಲ್ಲಿ ಆತ ಈ ಫೋಟೊ ತೆಗೆದು, ಹಿಂಬದಿಯಲ್ಲಿ ಒಂದು ಒಕ್ಕಣೆ ಬರೆದ. ಸರ್ಕಾರ ಡಗೇರ್‌ಗೆ ಧಾರಾಳವಾಗಿ ಕೊಟ್ಟು ತನಗೆ ಏನೂ ಕೊಡಲಿಲ್ಲ, ಹಾಗಾಗಿ ಬಡಪಾಯಿ ಬಯಾರ್ ನೀರಿಗೆ ಹಾರಿದ ಎಂಬುದು ಅದರ ಸಾರಾಂಶ. ಮುಖ, ಕೈ ಕೊಳೆಯಲು ಶುರುವಾಗಿದೆ ಎಂದೂ ಸೇರಿಸಿದ್ದ. ನಿಜ ಸಂಗತಿ ಏನೆಂದರೆ, ಆ ಕಾಗದ ನೀಲಿ ಬೆಳಕಿಗೆ ಸ್ಪಂದಿಸುತ್ತಿತ್ತು, ಕೆಂಪಿಗೆ ಅಲ್ಲ. ಬಿಸಿಲಿಗೆ ಕಂದಿ ಕೆಂಪಾದ ಚರ್ಮ ಅದರಲ್ಲಿ ಕಪ್ಪಾಗಿಯೇ ಕಾಣುತ್ತದೆ.

ಬಯಾರ್ ಕ್ಯಾಮೆರಾ ಬಿಡಲಿಲ್ಲ. 1851ರಲ್ಲಿ ಫ್ರಾನ್ಸಿನ ಹಳೆಯ ಕಟ್ಟಡಗಳ ಫೋಟೊ ತೆಗೆಯಲು ಸರ್ಕಾರ ಆರಿಸಿದ ಐವರಲ್ಲಿ ಆತನೂ ಒಬ್ಬ. 1854ರಲ್ಲಿ ಫ್ರೆಂಚ್ ಫೋಟೊಗ್ರಫಿ ಸಂಘ ಶುರು ಮಾಡಿದವರಲ್ಲೂ ಇದ್ದ. ಆ ಮುಳುಗಿದವನ ಚಿತ್ರ ಇವತ್ತಿಗೂ ಅದೇ ಸಂಘದ ಸಂಗ್ರಹದಲ್ಲಿದೆ.