ಮೆದುಳಿನ ಅಲೆ ಕಂಡ ಹಾನ್ಸ್ ಬರ್ಗರ್

ಮನಸ್ಸಿನ ಕಾಯಿಲೆಯನ್ನು ಅಳೆದು ತಿಳಿಯಬಹುದೇ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಹಾನ್ಸ್ ಬರ್ಗರ್ ಮೊದಲಿಗರ ಸಾಲಿನವರು. 1873ರ ಮೇ 21ರಂದು ಜರ್ಮನಿಯ ಕೊಬುರ್ಗ್ ಸಮೀಪದಲ್ಲಿ ಜನಿಸಿದರು. ನಮ್ಮ ನಳದಮಯಂತಿಯ ಕಥೆಯನ್ನು ಜರ್ಮನ್ ಭಾಷೆಗೆ ತಂದ ಕವಿ ರ‍್ಯೂಕರ್ಟ್ ಇವರ ತಾಯಿಯ ತಂದೆ.

ಸೇನಾ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದ ಬರ್ಗರ್, ಫಿರಂಗಿ ಬಂಡಿಯ ಚಕ್ರಕ್ಕೆ ಸಿಲುಕದೆ ಸ್ವಲ್ಪದರಲ್ಲೇ ಪಾರಾದರು. ಅಂದೇ ಸಂಜೆ ಕ್ಷೇಮ ವಿಚಾರಿಸಿ ಮನೆಯಿಂದ ತಂತಿ ಬಂತು. ಅಕ್ಕನಿಗೆ ಏನೋ ಕಳವಳವಾಗಿತ್ತಂತೆ! ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹರಿಯುತ್ತದೆಂದು ನಂಬಿದ ಅವರು ಗಣಿತ ಬಿಟ್ಟು ವೈದ್ಯಕೀಯಕ್ಕೆ ಸೇರಿದರು.

ಯೇನಾ ನಗರದ ಮನೋರೋಗ ಚಿಕಿತ್ಸಾಲಯದಲ್ಲಿ ದುಡಿದು 1919ರಲ್ಲಿ ಅದರ ಮುಖ್ಯಸ್ಥರಾದರು. 1924ರಲ್ಲಿ 17 ವರ್ಷದ ತರುಣನೊಬ್ಬನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಮಗನ ತಲೆಗೂ ತಂತಿ ಜೋಡಿಸಿ ಮತ್ತೆ ಮತ್ತೆ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ವಿಶ್ರಮಿಸುವಾಗ ಸೆಕೆಂಡಿಗೆ ಸುಮಾರು 10ರಂತೆ ಏಳುವ ಅಲೆಗೆ ಆಲ್ಫಾ ಎಂದು ಹೆಸರಿಟ್ಟರು. 1934ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ದೃಢಪಡಿಸುವ ತನಕ ನಂಬಿದವರು ಕಡಿಮೆ.

ಬರ್ಗರ್ ಆರಂಭಿಸಿದ ಈ ಪರೀಕ್ಷೆಯೇ ಇ.ಇ.ಜಿ. ಕಾಸರಗೋಡಿನವರಿರಲಿ, ಆಂಧ್ರದ ಬ್ರಹ್ಮಸಮುದ್ರದವರಿರಲಿ, ಮೂರ್ಛೆರೋಗದ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದ ಗಡಿನಾಡ ಕುಟುಂಬಗಳಿಗೆ ಇದು ಪರಿಚಿತ.

ಈಗ ವಿಜ್ಞಾನಿಗಳು ಅಲೆಗಳ ಜಟಿಲತೆಯನ್ನೂ ಅಳೆಯುತ್ತಿದ್ದಾರೆ. ಚೆಂಡೆಯಲ್ಲಿ ಒಂದೇ ಪೆಟ್ಟು ಮರುಕಳಿಸಿದರೆ ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದು. ನುಡಿಸಾಣಿಕೆ ಬದಲಾಗುತ್ತಿದ್ದರೆ ಉದ್ದಕ್ಕೆ ಬರೆಯಬೇಕು. ಆ ಬರಹದ ಉದ್ದವೇ ಜಟಿಲತೆಯ ಅಳತೆ. ಇದನ್ನು ಲೆಕ್ಕ ಹಾಕುವ ಒಂದು ವಿಧಾನವನ್ನು ಲೆಂಪೆಲ್ ಮತ್ತು ಝಿವ್ 1976ರಲ್ಲಿ ಕೊಟ್ಟರು. ಖಿನ್ನತೆ, ಸ್ಕಿಝೋಫ್ರೇನಿಯಾಗಳಲ್ಲಿ ಈ ಅಳತೆ ಬದಲಾಗುವುದನ್ನು ಸಂಶೋಧಕರು ಕಂಡಿದ್ದಾರೆ. ಆದರೆ ಫಲಿತಾಂಶಗಳು ಒಂದೇ ದಿಕ್ಕಿಗಿಲ್ಲ. ವಯಸ್ಸು, ನಿದ್ದೆ, ಔಷಧಿಗಳೂ ಅದನ್ನು ಬದಲಿಸುತ್ತವೆ. ಆದ್ದರಿಂದ ರೋಗಿಯೊಡನೆ, ಮನೆಯವರೊಡನೆ ಮಾತನಾಡಿಯೇ ವೈದ್ಯರು ರೋಗವನ್ನು ನಿರ್ಧರಿಸುತ್ತಾರೆ.

ಬರ್ಗರ್ ಅವರ ಬಾಳಿನಲ್ಲಿ ಮುಚ್ಚಿಡಬಾರದ ಕಪ್ಪು ಚುಕ್ಕೆಯೊಂದಿದೆ. ಮನೋರೋಗಿಗಳಿಗೆ ಮಕ್ಕಳಾಗಬಾರದೆಂದು ಬಲವಂತದ ಶಸ್ತ್ರಚಿಕಿತ್ಸೆ ವಿಧಿಸಿದ ನಾಜಿ ನ್ಯಾಯಮಂಡಳಿಯಲ್ಲಿ ಅವರೂ ಕುಳಿತಿದ್ದರು. 1938ರಲ್ಲಿ ನಿವೃತ್ತರಾದರು. ಖಿನ್ನತೆ ಅವರನ್ನೂ ಬಿಡಲಿಲ್ಲ. 1941ರ ಜೂನ್ 1ರಂದು ತಾವೇ ಜೀವ ಕಳೆದುಕೊಂಡರು.

ಅವರ ಯಂತ್ರ ಲೋಕಕ್ಕೆ ಉಪಕಾರಿಯಾಯಿತು. ಅವರ ಬಾಳು ಇನ್ನೊಂದು ಪಾಠ ಹೇಳುತ್ತದೆ: ಅಳತೆ ರೋಗವನ್ನು ಅರಿಯಲು ಇರಬೇಕೇ ಹೊರತು, ಮನುಷ್ಯನ ಯೋಗ್ಯತೆಯನ್ನು ತೀರ್ಮಾನಿಸಲು ಅಲ್ಲ.