ಕಸ್ತೂರಬಾ ಕಾಲಿನ ಬೂಟು

ನವಲಗುಂದ ತಾಲ್ಲೂಕಿನ ಎರೆಸೀಮೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೌಕರಿ ಹಿಡಿದವನು ನಾನು. ಮದುವೆಯಾದ ಹೊಸದರಲ್ಲಿ ಮೇಲಧಿಕಾರಿಯೊಬ್ಬರು ಔತಣಕ್ಕೆ ಕರೆದಿದ್ದರು. ಕುಂದಗೋಳದ ಕಡೆಯ ಹಳ್ಳಿಯವಳಾದ ನನ್ನ ಹೆಂಡತಿ ಇಳಕಲ್ ಸೀರೆ ಉಟ್ಟು, ಖಣದ ಕುಪ್ಪಸ ತೊಟ್ಟು, ತಲೆಯ ಮೇಲೆ ಸೆರಗು ಹೊದ್ದು ಸಿದ್ಧಳಾಗಿ ನಿಂತಿದ್ದಳು. ಬೇರೆ ಸೀರೆ ಉಡು ಎಂದೆ, ಉಟ್ಟಳು. ಅಲ್ಲಿ ಹೆಚ್ಚು ಮಾತನಾಡುವುದು ಬೇಡ ಎಂದೂ ದಾರಿಯಲ್ಲಿ ಹೇಳಿದೆ. ನಮ್ಮ ಕಡೆಯ ಗಟ್ಟಿ ದನಿಯ ಕನ್ನಡಕ್ಕೆ ಆ ಮನೆಯವರು ನಕ್ಕಾರು ಎಂಬ ಅಂಜಿಕೆ ನನ್ನದು. ಆಕೆ ಮಾತನಾಡಲಿಲ್ಲ. ಆ ರಾತ್ರಿಯಷ್ಟೇ ಅಲ್ಲ, ಅನಂತರ ಅಂಥ ಯಾವ ಮನೆಯಲ್ಲಿಯೂ ಮಾತನಾಡಲಿಲ್ಲ.

ನಿವೃತ್ತಿಯ ಬಿಡುವಿನಲ್ಲಿ ಗಾಂಧೀಜಿಯ ಆತ್ಮಕಥೆಯನ್ನು ಮತ್ತೆ ಓದುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಚಂಪಾರಣ್ಯವಲ್ಲ, ಒಂದು ಜೊತೆ ಬೂಟು.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಪೋರಬಂದರಿನ ವರ್ತಕ ಗೋಕುಲದಾಸ ಮಾಕನಜಿ ಅವರ ಮನೆಯಲ್ಲಿ. ಹದಿಮೂರರ ಸುಮಾರಿಗೆ ಅದೇ ವಯಸ್ಸಿನ ಮೋಹನದಾಸನೊಡನೆ ಮದುವೆ. ಆಕೆಗೆ ಅಕ್ಷರ ಬಾರದು. ಕಲಿಸಲು ಹೊರಟ ಗಂಡ ಸೋತ. ಸೋಲಿಗೆ ತನ್ನ ಕಾಮುಕತೆಯೇ ಕಾರಣವೆಂದು ಮುಂದೆ ತಾನೇ ಒಪ್ಪಿಕೊಂಡ. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದಾಗ ರಾಜಕೋಟೆಯ ಮನೆಗೆ ಕೋಕೋ, ಓಟ್ಸ್ ಗಂಜಿ, ಯುರೋಪಿಯನ್ ಉಡುಪು ಎಲ್ಲವೂ ಆತನ ಜೊತೆ ಒಳಬಂದವು. ಹೆಂಡತಿಯೂ ಆ ಸುಧಾರಣೆಯ ಪಟ್ಟಿಯಲ್ಲಿ ಸೇರಿದ್ದಳು.

1896ರ ಕೊನೆಯಲ್ಲಿ ಆತ ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಅಕ್ಕನ ಮಗನೊಡನೆ ದಕ್ಷಿಣ ಆಫ್ರಿಕೆಗೆ ಹಡಗು ಹತ್ತಿದ. ಬಿಳಿಯರ ಕಣ್ಣಿಗೆ ತನ್ನ ಸಂಸಾರ ನಾಗರಿಕವಾಗಿ ಕಾಣಬೇಕು ಎಂಬುದು ಆತನ ಚಿಂತೆ. ಪೂರ್ತಿ ಯುರೋಪಿಯನ್ ವೇಷ ಹೊಂದದು. ಭಾರತೀಯರಲ್ಲಿ ಪಾರಸಿಗಳೇ ಹೆಚ್ಚು ಸುಧಾರಿಸಿದವರೆಂಬ ಹೆಸರಿತ್ತು. ಆದ್ದರಿಂದ ಹೆಂಡತಿಗೆ ಪಾರಸಿ ಸೀರೆ, ಹುಡುಗರಿಗೆ ಪಾರಸಿ ಕೋಟು, ಷರಾಯಿ. ಎಲ್ಲರಿಗೂ ಬೂಟು ಮತ್ತು ಕಾಲುಚೀಲ. ಬೂಟು ಪಾದಗಳನ್ನು ಹಿಂಡಿತು, ಬೆರಳುಗಳು ನೊಂದವು, ಕಾಲುಚೀಲ ಬೆವರಿಗೆ ನಾರಿತು. ಊಟಕ್ಕೆ ಚಾಕು, ಮುಳ್ಳುಚಮಚ. ಬರಿಗಾಲಿನಲ್ಲಿ, ಬರಿಗೈಯಲ್ಲಿ ಬೆಳೆದವರು ಬೇಡವೆಂದಾಗ ಆತ ಅಧಿಕಾರದಿಂದ ಬಾಯಿ ಮುಚ್ಚಿಸಿದ.

1897ರ ಜನವರಿ 13ರಂದು ಡರ್ಬನ್ ಬಂದರಿನಲ್ಲಿ ಇಳಿದಾಗ ಗರ್ಭಿಣಿ ಕಸ್ತೂರಬಾ ಮತ್ತು ಮಕ್ಕಳನ್ನು ಮೊದಲೇ ಗಾಡಿಯಲ್ಲಿ ಕಳುಹಿಸಲಾಗಿತ್ತು. ಹಿಂದೆ ನಡೆದು ಬಂದ ಬ್ಯಾರಿಸ್ಟರನ ಮೇಲೆ ಬಿಳಿಯರ ಗುಂಪು ಕಲ್ಲು, ಕೊಳೆತ ಮೊಟ್ಟೆ ತೂರಿತು, ಪೇಟ ಕಿತ್ತಿತು, ಒದೆಯಿತು. ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ಕೊಡೆ ಬಿಚ್ಚಿ ಅಡ್ಡ ನಿಲ್ಲದಿದ್ದರೆ ಏನಾಗುತ್ತಿತ್ತೋ. ಯಾರ ಮೆಚ್ಚುಗೆಗಾಗಿ ಆ ಬೂಟುಗಳಿದ್ದವೋ ಅವರು ಬೂಟುಗಳನ್ನು ನೋಡಲೇ ಇಲ್ಲ.

ಮರುವರ್ಷ, ಡರ್ಬನ್ನಿನ ಮನೆಯಲ್ಲಿ, ಅತಿಥಿಯಾಗಿದ್ದ ಗುಮಾಸ್ತನ ಮೂತ್ರಪಾತ್ರೆಯನ್ನು ಕಸ್ತೂರಬಾ ಕಣ್ಣೀರಿಡುತ್ತ ಹೊತ್ತು ಇಳಿಯುತ್ತಿದ್ದರು. ಆತ ಪಂಚಮ ತಂದೆತಾಯಿಗೆ ಹುಟ್ಟಿದ ಕ್ರೈಸ್ತ. ಆಕೆಯ ಅಳುಕಿನಲ್ಲಿ ಜಾತಿಯ ಅಳುಕೂ ಇತ್ತು, ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಗಂಡನಿಗೆ ಕೆಲಸ ನಡೆದರೆ ಸಾಲದು, ನಗುಮುಖವೂ ಬೇಕು! ಕೂಗಾಡಿ, ಕೈಹಿಡಿದು ಗೇಟಿನವರೆಗೆ ಎಳೆದೊಯ್ದು ಹೊರದಬ್ಬಲು ಹೋದ. ನಿನಗೆ ನಾಚಿಕೆಯಿಲ್ಲವೆ, ಗೇಟು ಮುಚ್ಚು, ಜನ ನೋಡಿಯಾರು ಎಂಬ ಅರ್ಥದ ಮಾತನ್ನು ಆಕೆ ಆಡಿದರು. ಹೆಂಡತಿಯಿಂದ ತನ್ನ ಮರ್ಯಾದೆ ಹೋದೀತೆಂದು ಹಡಗಿನಲ್ಲಿ ಅಂಜಿದ್ದ ಗಂಡನ ಮರ್ಯಾದೆಯನ್ನು ಆ ದಿನ ಬೀದಿಯ ಕಣ್ಣಿನಿಂದ ಕಾಯ್ದವರು ಕಸ್ತೂರಬಾ.

ಇದೆಲ್ಲ ನಮಗೆ ತಿಳಿದಿರುವುದು ಗಂಡನ ಲೇಖನಿಯಿಂದಲೇ ಎಂಬುದನ್ನು ಓದುಗರು ಗಮನಿಸಬೇಕು. ಬರೆದು ಒಪ್ಪಿಕೊಳ್ಳುವ ದೊಡ್ಡತನವೂ ಆತನದೇ ಆಯಿತು; ಸಹಿಸಿದ ಆಕೆ ಪುಸ್ತಕ ಬರೆಯಲಿಲ್ಲ.

ಆಕೆಯ ಉತ್ತರ ಬೇರೆ ಬಗೆಯದು. 1913ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಸರ್ಲ್ ಅವರ ತೀರ್ಪು ಕ್ರೈಸ್ತ ವಿಧಿಯಲ್ಲದ ಮದುವೆಗಳಿಗೆ ಅಲ್ಲಿನ ಕಾನೂನಿನ ಮಾನ್ಯತೆ ಇಲ್ಲವೆಂದಿತು. ಅಂದರೆ ಕಸ್ತೂರಬಾ ಆ ನೆಲದಲ್ಲಿ ಹೆಂಡತಿಯೇ ಅಲ್ಲ. ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದ ಮೊದಲ ತಂಡದೊಡನೆ ಗಡಿ ದಾಟಿ ಸೆರೆಯಾದರು. ಮೂರು ತಿಂಗಳ ಕಠಿಣ ಸಜೆ ಅನುಭವಿಸಿ ಎಲುಬು ಎದ್ದು ಹೊರಬಂದರು. ಆ ಹೊತ್ತಿಗೆ ಆಕೆಯ ಸೀರೆ ಯಾವ ಬಗೆಯದೆಂದು ಯಾರೂ ಕೇಳುತ್ತಿರಲಿಲ್ಲ.

1915ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದಾಗ ಪೆಟಿಟ್ ಅವರ ಭವ್ಯ ಬಂಗಲೆಯಲ್ಲಿ ಸತ್ಕಾರ. ಕಾಠಿಯಾವಾಡಿ ಅಂಗಿ, ಪೇಟ, ಧೋತರದ ಗಾಂಧಿ ಆ ಥಳುಕಿನ ನಡುವೆ ತಾನೇ ಹಳ್ಳಿಗಮಾರನಂತೆ ಮುಜುಗರಪಟ್ಟರು. 1921ರ ಸೆಪ್ಟೆಂಬರಿನಲ್ಲಿ, ಮದುರೆಯಲ್ಲಿ, ಅದನ್ನೂ ಕಳಚಿ ತುಂಡು ಪಂಚೆಗೆ ಇಳಿದರು. ಇನ್ನು ಬೂಟಿನ ಮಾತೆಲ್ಲಿ?

1944ರ ಫೆಬ್ರವರಿ 22ರಂದು, ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ, ಕಸ್ತೂರಬಾ ಗಂಡನ ತೊಡೆಯ ಮೇಲೆ ಕಣ್ಣು ಮುಚ್ಚಿದರು. ಕೊನೆಗೆ ಆಕೆಗೆ ಉಡಿಸಿದ್ದು ಆತ ತನ್ನ ಕೈಯಾರೆ ತೆಗೆದ ನೂಲಿನ ಸೀರೆ.

ನನ್ನ ಹೆಂಡತಿಯ ಆ ಇಳಕಲ್ ಸೀರೆ ಈಗಲೂ ಟ್ರಂಕಿನಲ್ಲಿದೆ. ಈಚೆಗೆ ಕುಂದಗೋಳದ ಕಡೆ ನೆಂಟರ ಮದುವೆಗೆ ಹೊರಟಾಗ ಅದನ್ನು ಉಟ್ಟಳು. ಚೆನ್ನಾಗಿದೆ ಎಂದೆ. ಬಾಗಿಲಲ್ಲಿ ನಿಂತು ಒಂದು ಕ್ಷಣ ನನ್ನ ಮುಖ ನೋಡಿ, ನಿಜವಾಗಿ ಉಟ್ಟುಕೊಂಡೇ ಬರಲೇ ಎಂದು ಕೇಳಿದಳು.